ಕಲ್ಲು ದಾಟುವಾಗ ಕುಳಿತಿರಬೇಕು

ನಮ್ಮ ಊರಿನಿಂದ ಹೊರಡುವ ಬಸ್ಸಿನ ಕಂಡಕ್ಟರನಿಗೆ ಟಿಕೆಟು ಹರಿಯುವುದಕ್ಕಿಂತ ದೊಡ್ಡ ಕೆಲಸ ಒಂದಿದೆ. ಗಡಿಕಲ್ಲು ಹತ್ತಿರ ಬಂತೆಂದರೆ ಅವನು ಸೀಟಿ ಊದುತ್ತ, ತೂಕಡಿಸುವವರ ಭುಜ ಹಿಡಿದು ಅಲುಗಿಸುತ್ತ ಹಿಂದಿನ ಸೀಟಿನವರೆಗೂ ಹೋಗುತ್ತಾನೆ. "ಏಳ್ರಿ ಯಪ್ಪಾ, ನೆಟ್ಟಗ ಕುಂದರ್ರಿ, ಕಲ್ಲು ಬಂತು" ಎನ್ನುತ್ತಾನೆ. ತಾಯಂದಿರು ತೊಡೆಯ ಮೇಲೆ ಮಲಗಿದ ಕೂಸನ್ನು ಎತ್ತಿ ಹೆಗಲಿಗೆ ಹಾಕಿಕೊಳ್ಳುತ್ತಾರೆ, ಕೂಸು ಅತ್ತರೆ ಅಳಲಿ. ಹೆರಿಗೆ ನೋವು ತಿನ್ನುತ್ತಿರುವ ಹೆಂಗಸನ್ನೂ ಅತ್ತಿತ್ತ ಹಿಡಿದು ಕೂರಿಸಿಯೇ ದಾಟಿಸುತ್ತಾರೆ. ಕಲ್ಲು ಹಿಂದಾದ ಮೇಲೆ ಯಾರು ಹೇಗಾದರೂ ಬಿದ್ದುಕೊಳ್ಳಬಹುದು.

ಮಲಗಿ ದಾಟಿದವರು ಆ ಕ್ಷಣದಿಂದ ನಮ್ಮ ಊರಿನವರ ಕಣ್ಣಿಗೆ ಕಾಣುವುದಿಲ್ಲ, ಕಿವಿಗೆ ಕೇಳುವುದಿಲ್ಲ. ಬೇರೆ ಊರಿನವರಿಗೆ ಕಾಣುತ್ತಾರೆ, ಅವರ ಜೊತೆ ಚಹ ಕುಡಿಯುತ್ತಾರೆ, ಜಗಳವಾಡುತ್ತಾರೆ. ನಮಗೆ ಮಾತ್ರ ಇಲ್ಲ, ಅವರು ತಿರುಗಿ ಬಂದು ನಮ್ಮ ಮನೆಯ ಕಟ್ಟೆಯ ಮೇಲೆಯೇ ಕೂತರೂ ಇಲ್ಲ. ಸತ್ತವರನ್ನು ಮಲಗಿಸಿಯೇ ಒಯ್ಯುತ್ತೇವೆ, ಸುಡುಗಾಡು ಕಲ್ಲಿನ ಆಚೆಗಿದೆ. ಅಲ್ಲಿಂದ ಮುಂದೆ ಹೊತ್ತವರಿಗೆ ಬರಿಯ ಚಟ್ಟ ಕಾಣುತ್ತದೆ, ಹೆಗಲಿಗೆ ಭಾರ ಉಳಿಯುತ್ತದೆ. ಒಮ್ಮೆ ಒಬ್ಬ ರಸ್ತೆ ಇಂಜಿನಿಯರ್ ನಮ್ಮ ಮೂಢತನ ಬಿಡಿಸುತ್ತೇನೆಂದು ಕಲ್ಲನ್ನೇ ಕೀಳಿಸಿದ. ಕಲ್ಲು ಹೋಯಿತು, ಜಾಗ ಹೋಗಲಿಲ್ಲ. ಎಲ್ಲಿ ಏಳಬೇಕೆಂಬ ಗುರುತಿಗಾದರೂ ಇರಲಿ ಎಂದು ನಾವೇ ಅದನ್ನು ತಂದು ಮತ್ತೆ ನೆಟ್ಟೆವು.

ನನ್ನ ಹೆಸರು ಫಕೀರಪ್ಪ. ಮದುವೆ ಮುಂಜಿಗಳಿಗೆ ಹಂದರ ಹಾಕುವುದು ನನ್ನ ಕಸುಬು. ನಮ್ಮ ಕಸುಬು ಎನ್ನಬೇಕು, ಯಾಕೆಂದರೆ ಮೇಲೆ ಹತ್ತುತ್ತಿದ್ದವಳು ನನ್ನ ಹೆಂಡತಿ ಶಾವಂತ್ರೆವ್ವ. ನಾನು ಮೈಯಲ್ಲಿ ಭಾರ, ಧೈರ್ಯದಲ್ಲಿ ಹಗುರ. ಅವಳು ಕಚ್ಚೆ ಬಿಗಿದು ಬಿದಿರಿನ ಗಳ ಏರಿ ತುದಿಯಲ್ಲಿ ಕೂತು ಗಂಟು ಹಾಕುತ್ತಿದ್ದಳು, ನಾನು ಕೆಳಗೆ ಗಳ ಹಿಡಿದು ಕತ್ತೆತ್ತಿ ನಿಂತಿರುತ್ತಿದ್ದೆ. ಬಾಜಾಬಜಂತ್ರಿಯ ಗದ್ದಲದಲ್ಲಿ ಕೂಗಿದರೆ ಕೇಳುವುದಿಲ್ಲವೆಂದು ಅವಳು ಗಳವನ್ನು ಅಲುಗಿಸುತ್ತಿದ್ದಳು. ಒಂದು ಸಲ ಅಲುಗಿದರೆ ಹಗ್ಗ ಸಡಿಲು ಬಿಡಬೇಕು, ಎರಡು ಸಲ ಅಲುಗಿದರೆ ಎಳೆಯಬೇಕು. ಗಂಡ ಹೆಂಡತಿ ಬಾಯಿ ಬಿಡದೆ ಸಂಸಾರ ಮಾಡುತ್ತಾರೆ ಎಂದು ಜನ ನಗುತ್ತಿದ್ದರು. ಸಂಜೆ ಮನೆಗೆ ಬಂದ ಮೇಲೆ ಅವಳು ಅಷ್ಟೂ ಮಾತನ್ನು ಬೈಗುಳದ ಸಮೇತ ಆಡಿ ಮುಗಿಸುತ್ತಿದ್ದಳು ಎಂಬುದು ಅವರಿಗೇನು ಗೊತ್ತು.

ಒಂದು ಸೀಮಂತದ ಮನೆಯ ಮುಂದೆ, ನಾನು ಗೋದಾಮಿನಿಂದ ಹಗ್ಗ ತರಲು ಹೋದಾಗ, ಗಳ ಜಾರಿ ಅವಳು ಬಿದ್ದಳು. ನಾನು ಓಡಿ ಬರುವಷ್ಟರಲ್ಲಿ ಜನ ಅವಳನ್ನು ನಮ್ಮದೇ ಬಾಡಿಗೆಯ ಕಬ್ಬಿಣದ ಕುರ್ಚಿಯಲ್ಲಿ ಕೂರಿಸಿ, ನಮ್ಮದೇ ಹಗ್ಗದಿಂದ ಎದೆಗೂ ಸೊಂಟಕ್ಕೂ ಕಟ್ಟಿದ್ದರು. ತಲೆ ಎದೆಯ ಮೇಲೆ ಜೋತುಬಿದ್ದಿತ್ತು. ಪಕ್ಕದ ಮನೆಯ ದ್ಯಾಮಣ್ಣ ಎರಡೂ ಕೈಯಿಂದ ಅವಳ ಭುಜ ಹಿಡಿದುಕೊಂಡು ನಿಂತಿದ್ದ. ಅವನ ಅಂಗಿ ಬೆವರಿನಿಂದ ಒದ್ದೆಯಾಗಿತ್ತು.

"ಹೆದರಬ್ಯಾಡ ಫಕೀರಣ್ಣಾ" ಎಂದ. "ಬಿದ್ದ ಕೂಡಲೇ ಎಬ್ಬಿಸಿ ಕುಂದ್ರಿಸೀವಿ. ಗಾಡಿ ತರಾಕ ಕಳಿಸೀವಿ. ಕಲ್ಲು ದಾಟೂ ತನಕಾ ನಾ ಕೈ ಬಿಡಂಗಿಲ್ಲ."

ನನಗೆ ಆಗ ಅವನ ಕಾಲು ಹಿಡಿಯಬೇಕು ಎನ್ನಿಸಿತು. ಈಗ ಅದನ್ನು ನೆನೆಯಲೂ ಮನಸ್ಸಾಗುವುದಿಲ್ಲ. ಶಾವಂತ್ರೆವ್ವ ಕಣ್ಣು ತೆರೆದು ನನ್ನನ್ನೇ ನೋಡಿದಳು. "ನನ್ನ ಕೈ ಎಲ್ಲೆದಾವ?" ಎಂದು ಕೇಳಿದಳು. ಅವು ಅವಳ ತೊಡೆಯ ಮೇಲೆಯೇ ಇದ್ದವು.

ನಮ್ಮ ದವಾಖಾನೆಯ ಡಾಕ್ಟರು ಹೊರ ಊರಿನ ಹುಡುಗ. ಓಡಿ ಬಂದವನು ಹಗ್ಗ ಬಿಚ್ಚಿಸಿ, ಕುತ್ತಿಗೆ ಅಲುಗದಂತೆ ಅವಳನ್ನು ನೆಲದ ಮೇಲೆ ಮಲಗಿಸಿ, ಸುತ್ತಲಿನವರ ಮೇಲೆ ಕಿರುಚಿದ. "ಕುತ್ತಿಗೆಗೆ ಪೆಟ್ಟಾದವರನ್ನ ಹೀಗೆ ಕೂರಿಸ್ತಾರೇನ್ರೀ? ನೀವೇನು ಮನುಷ್ಯರಾ?" ನಮ್ಮಲ್ಲಿ ಕೂರಿಸದೆ ಬಿಟ್ಟವರನ್ನು ಮನುಷ್ಯರಲ್ಲ ಎನ್ನುತ್ತಾರೆ. ಅವನು ಆಂಬುಲೆನ್ಸ್ ಕರೆಸಿದ. ಅದರಲ್ಲಿ ಮಲಗಿಸಿಯೇ ಒಯ್ಯಬೇಕೆಂದರು, ನಾವು ಅದನ್ನು ಬರಿದೇ ತಿರುಗಿಸಿ ಕಳಿಸಿದೆವು. ಆಮೇಲೆ ಅವನು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದು ಇಷ್ಟು: ಕುತ್ತಿಗೆಯಲ್ಲಿ ಬೆನ್ನುಹುರಿಗೆ ಏಟು ಬಿದ್ದಿದೆ, ಭುಜದ ಕೆಳಗೆ ಏನೂ ತಿಳಿಯುವುದಿಲ್ಲ, ಏನೂ ಅಲುಗುವುದಿಲ್ಲ. ಇಂಥವರನ್ನು ನೋಡಿಕೊಳ್ಳಲು ಬೇರೆಯೇ ಜಾಗಗಳಿವೆ, ಬೇರೆಯೇ ಕಲಿತವರಿದ್ದಾರೆ. ಇಲ್ಲೇ ಇಟ್ಟುಕೊಂಡರೆ ಬೆನ್ನಿಗೆ ಹುಣ್ಣಾಗಿ, ಎದೆಯಲ್ಲಿ ಕಫ ಕಟ್ಟಿ ಹೋಗಿಬಿಡುತ್ತಾಳೆ.

ಊರು ನಮ್ಮ ಕೈ ಬಿಟ್ಟಿತು ಎಂದು ಹೇಳಿದರೆ ನನ್ನ ನಾಲಿಗೆ ಬೀಳುತ್ತದೆ. ದಿನಾ ಒಂದೊಂದು ಮನೆಯಿಂದ ರೊಟ್ಟಿ ಪಲ್ಯ ಬಂತು. ಬಡಿಗೇರ ಒಂದು ಹಲಗೆ ಮಾಡಿಕೊಟ್ಟ; ಅದರ ಮೇಲೆ ಅವಳನ್ನು ಮಲಗಿಸಿ ತಲೆಯ ಕಡೆ ಸ್ವಲ್ಪಸ್ವಲ್ಪವಾಗಿ ಎತ್ತುತ್ತ ಹೋದರೆ ಒಂದು ದಿನ ಕೂತಾಳು ಎಂಬುದು ಎಲ್ಲರ ಲೆಕ್ಕ. ಕೂತರೆ ಸಾಕು, ಕಲ್ಲು ದಾಟಿಸಬಹುದು. ನಾವು ಎತ್ತುತ್ತಿದ್ದೆವು, ಅವಳ ತುಟಿ ಬೆಳ್ಳಗಾಗುತ್ತಿತ್ತು, ಕಣ್ಣು ಮೇಲಾಗುತ್ತಿತ್ತು, ಗಾಬರಿಯಾಗಿ ಇಳಿಸುತ್ತಿದ್ದೆವು. ಪ್ರಜ್ಞೆ ಬಂದ ಕೂಡಲೇ ಅವಳು ಬೈಯುತ್ತಿದ್ದಳು. "ಹಂದರಾ ಎಬ್ಬಿಸಿದಂಗ ಎಬ್ಬಿಸ್ತೀರಲ್ಲೋ, ನನ್ನ ಏನಂತ ತಿಳದೀರಿ?" ನಮ್ಮ ಮಗಳು ಕಸ್ತೂರಿ, ಆಗಷ್ಟೇ ದೊಡ್ಡ ಸಾಲೆ ಸೇರಿದ್ದವಳು, ಈ ಬೈಗುಳ ಕೇಳಿದಾಗ ಮಾತ್ರ ನಗುತ್ತಿದ್ದಳು.

ನಾನು ಜಾಗ ಹುಡುಕಲು ಹೊರಟೆ. ಗಾಜಿನ ಬಾಗಿಲಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ಕಂಪ್ಯೂಟರಿನ ಹಿಂದೆ ಕೂತ ಹುಡುಗಿ "ಪೇಷಂಟ್ ಎಲ್ಲಿ?" ಎಂದು ಮೂರು ಸಲ ಕೇಳಿದಳು. ಅಲ್ಲಿಯ ಡಾಕ್ಟರು ಕುತ್ತಿಗೆಗೆ ರಾಡು ಹಾಕಿ ಕೊಡುತ್ತೇವೆ ಎಂದರು. ಆಮೇಲೆ ಏನು ಎಂದೆ. ಆಮೇಲೆ ಮನೆಗೆ ಕರೆದುಕೊಂಡು ಹೋಗಿ ಎಂದರು. ಆ ಆಮೇಲೆಯನ್ನೇ ಹುಡುಕಿಕೊಂಡು ನಾನು ಬಂದದ್ದು ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಮುಂದಿನವನನ್ನು ಕರೆದರು. ಇನ್ನೊಂದು ಕಡೆ ಸಾಲಾಗಿ ಮಂಚ ಹಾಕಿ, ಎಲ್ಲರ ಮುಖ ಗೋಡೆಗೆ ತಿರುಗಿಸಿ ಇಟ್ಟಿದ್ದರು. ಮ್ಯಾನೇಜರು ಟೀವಿ ತೋರಿಸಿದ, ಕಾರಂಜಿ ತೋರಿಸಿದ. ಮಂಚಗಳ ಕಡೆಯಿಂದ ಬಂದ ವಾಸನೆ ಬಸ್ಸು ಹತ್ತಿದ ಮೇಲೂ ನನ್ನ ಅಂಗಿಯಲ್ಲಿತ್ತು. ಮತ್ತೊಂದು ಕಡೆ ಎಣ್ಣೆ ತಿಕ್ಕುವವನೊಬ್ಬ ಮುಂದಿನ ಹಬ್ಬದೊಳಗೆ ಅವಳನ್ನು ಓಡಾಡಿಸುತ್ತೇನೆ ಎಂದ. ಯಾವ ಎಲುಬು ಮುರಿದಿದೆ ಎಂದು ಕೂಡ ಕೇಳಲಿಲ್ಲ. ಅವನ ಮಾತನ್ನು ಸ್ವಲ್ಪ ಹೊತ್ತು ನಂಬಿದೆ. ನಂಬಿಕೊಂಡು ಒಂದು ಕಪ್ ಚಹ ಕುಡಿಯುವಷ್ಟು ಹೊತ್ತು ಸುಖವಾಗಿದ್ದೆ.

ಹೊಳೆಯಾಚೆಯ ಜಾಗವನ್ನು ತೋರಿಸಿದವನು ಒಬ್ಬ ಆಟೋದವನು. ಹೆಂಚಿನ ಉದ್ದನೆಯ ಕಟ್ಟಡ, ಎಲ್ಲೂ ಮೆಟ್ಟಿಲಿಲ್ಲ, ಎಲ್ಲ ಕಡೆ ಇಳಿಜಾರು. ವರಾಂಡದಲ್ಲಿ ಗಾಲಿಕುರ್ಚಿಯ ಮೇಲೆ ಕೂತ ಒಬ್ಬ ಮನುಷ್ಯ ಅವಲಕ್ಕಿ ತಿನ್ನುತ್ತಿದ್ದ. ಅವನ ಬೆರಳುಗಳು ಸತ್ತಿದ್ದವು. ಚಮಚವನ್ನು ಪಟ್ಟಿಯಿಂದ ಅಂಗೈಗೆ ಕಟ್ಟಿದ್ದರು. ಅವಲಕ್ಕಿ ಅರ್ಧ ಬಾಯಿಗೆ, ಅರ್ಧ ಎದೆಗೆ. ಉದುರಿದಾಗೆಲ್ಲ ಅವನು ಯಾರದೋ ತಾಯಿಯನ್ನು ಸೇರಿಸಿ ಬೈಯುತ್ತಿದ್ದ, ಮತ್ತೆ ಚಮಚ ಬಗ್ಗಿಸುತ್ತಿದ್ದ. ನಾನು ಅಲ್ಲೇ ನಿಂತು ಅವನ ತಟ್ಟೆ ಖಾಲಿಯಾಗುವವರೆಗೂ ನೋಡಿದೆ. ಇದೇ ಜಾಗ ಎಂದು ನನಗೆ ಗೊತ್ತಾಯಿತು.

ಅಲ್ಲಿಗೆ ಬಂದವರಿಗೂ ಅವರ ಮನೆಯವರಿಗೂ ಕೆಲಸ ಕಲಿಸುವವಳು ಫ್ಲೋಸಿ ಎಂಬ ಗಟ್ಟಿಮುಟ್ಟಾದ ಕರಾವಳಿಯ ಹೆಂಗಸು. ಅವಳು ಪೇಷಂಟ್ ಎಲ್ಲಿ ಎಂದು ಕೇಳಲಿಲ್ಲ. "ಅವರ ಬೆನ್ನು ಯಾರು ನೋಡುವುದು?" ಎಂದು ಕೇಳಿದಳು. ನಾನೇ ಎಂದೆ. ಹೇಗಿದೆ ಎಂದಳು. ಸೊಂಟದ ಕೆಳಗೆ ಎಲುಬಿರುವಲ್ಲಿ ಕಪ್ಪಾಗಿದೆ ಎಂದೆ. ಅವಳು ಬರೆಯುವುದನ್ನು ನಿಲ್ಲಿಸಿದಳು.

"ಇನ್ನು ಕಾಯುವುದು ಬೇಡ. ಹಲಗೆಯ ಮೇಲೆ ಚಪ್ಪಟೆ ಮಲಗಿಸಿ, ಕುತ್ತಿಗೆಗೆ ಆಚೀಚೆ ಮರಳಿನ ಚೀಲ ಇಟ್ಟು ತನ್ನಿ. ಕೂರಿಸಬೇಡಿ. ಕೂರಿಸುವುದು ಇಲ್ಲಿ ನಾವು ಮಾಡುವ ಕೆಲಸ, ಅದಕ್ಕೆ ತಿಂಗಳುಗಟ್ಟಲೆ ಬೇಕು."

ನಾನು ಕಲ್ಲಿನ ವಿಷಯ ಹೇಳಿದೆ. ಅವಳು ನಗಲಿಲ್ಲ. "ಇಲ್ಲಿಗೆ ಬಂದವರೆಲ್ಲ ಏನನ್ನಾದರೂ ಕಳೆದುಕೊಂಡೇ ಬಂದದ್ದು ಮಾರಾಯ್ರೇ. ನಿಮ್ಮದು ಸ್ವಲ್ಪ ಬೇರೆ, ಅಷ್ಟೆ."

ಊರಿಗೆ ಬಂದು ಹೇಳಿದಾಗ ದ್ಯಾಮಣ್ಣ ಅತ್ತೇಬಿಟ್ಟ. "ಹೆಂಗರ ಇರಲಿ, ಕಣ್ಣ ಮುಂದ ಅದಾಳಲ್ಲೋ. ಮಲಗಿಸಿ ಒಯ್ದ್ರ ಆಕಿ ಬದುಕಿದ್ರೂ ನಮಗ ಸತ್ತಂಗ. ಆ ಹುಡುಗಿಗೆ ಏನ ಹೇಳ್ತಿ?" ಅವನು ಹೇಳಿದ್ದು ಸುಳ್ಳಾಗಿರಲಿಲ್ಲ. ಇಲ್ಲಿಟ್ಟುಕೊಂಡರೆ ನೋಡುತ್ತ ನೋಡುತ್ತ ಸಾಯುತ್ತಾಳೆ, ಒಯ್ದರೆ ನಮಗೆ ಕಾಣದೆ ಬದುಕುತ್ತಾಳೆ. ಇದರಲ್ಲಿ ಆರಿಸಿಕೋ ಎಂದರೆ ಯಾವನು ಆರಿಸಿಕೊಂಡಾನು!

ಹಿಂದಿನ ಓಣಿಯ ತಂಗೆವ್ವನ ಗಂಡ ಹಿಂದೆ ಕುಡಿದು ಹತ್ತಿಯ ಗಾಡಿಯಲ್ಲಿ ಮಲಗಿ ಕಲ್ಲು ದಾಟಿದ್ದ. ತಿರುಗಿ ಬಂದಿದ್ದಾನೆ ಎಂದು ಅವಳಿಗೆ ಗೊತ್ತಾದದ್ದು ಬೆಲ್ಲದ ಡಬ್ಬಿ ಖಾಲಿಯಾದಾಗ. ನಾನು ಅವಳನ್ನು ಕೇಳಲು ಹೋದೆ. ಅವಳು ಮೊರದಲ್ಲಿ ಜೋಳ ಕೇರುತ್ತಿದ್ದವಳು ಕೇರುತ್ತಲೇ ಹೇಳಿದಳು.

"ಕಣ್ಣಿಗಿಲ್ಲ, ಕಿವಿಗಿಲ್ಲ. ಕೈಗೆ ಅದಾನ. ಮದ್ಲ ಮದ್ಲ ಬಂದು ಕೈ ಹಿಡೀತಿದ್ದ. ಏನೋ ಮುಟ್ಟಿತು ಅಂತ ನಾ ಬೆಚ್ಚಿ ಕೊಡವತಿದ್ದೆ. ಎಷ್ಟಂತ ಹಿಡದಾನು ಅವನರ? ಈಗ ಹಿಡ್ಯಂಗಿಲ್ಲ." ಮೊರ ಕೆಳಗಿಟ್ಟಳು. "ಒಯ್ಯಪಾ. ಆದರ ನೀ ಬೆಚ್ಚಬ್ಯಾಡ."

ಶಾವಂತ್ರೆವ್ವನಿಗೆ ಎಲ್ಲ ಹೇಳಿದೆ. ನಾನೂ ಅವಳ ಪಕ್ಕದಲ್ಲೇ ಮಲಗಿ ಕಲ್ಲು ದಾಟುತ್ತೇನೆ ಎಂದೆ. ಆಗ ನಾವಿಬ್ಬರೂ ಒಂದೇ ಕಡೆ ಆಗುತ್ತೇವೆ, ಒಬ್ಬರಿಗೊಬ್ಬರು ಕಂಡೇವು ಎಂದು ಯೋಚಿಸಿ ಇಟ್ಟುಕೊಂಡಿದ್ದೆ. ಅವಳು ಸೂರನ್ನೇ ನೋಡುತ್ತಿದ್ದಳು, ನೋಡಲು ಅವಳಿಗೆ ಬೇರೆ ಏನಿತ್ತು?

"ನೀನೂ ಮಲಗಿದ್ರ ಕಸ್ತೂರಿ ಯಾರ ಮಾರಿ ನೋಡಬೇಕು?" ಎಂದಳು.

ನಾನು ಅವಳ ಹಣೆಯ ಬೆವರು ಒರೆಸಿದೆ.

"ಕುಂತ ಬಾ ನೀ" ಎಂದಳು. "ನನಗ ಇಲ್ಲಿ ಕೊಳತು ಹೋಗಾಕ ಮನಸಿಲ್ಲ. ಬದಕಾಕ ಆಸೆ ಅದ, ಏನ ಮಾಡ್ಲಿ? ನಾಚಿಕಿ ಬಿಟ್ಟು ಹೇಳಾಕ ಹತ್ತೇನಿ."

ಹೊರಡುವ ದಿನ ಬೆಳಿಗ್ಗೆ ಕಸ್ತೂರಿ ತಾಯಿಯ ತಲೆ ಬಾಚಿದಳು. ಬಾಚಿ, ಹೆರಳು ಹಾಕಿ, ಮತ್ತೆ ಬಿಚ್ಚಿ ಮತ್ತೆ ಬಾಚಿದಳು. ಜೀಪು ಬಂದು ನಿಂತು ಹಾರ್ನು ಹೊಡೆದರೂ ಬಿಚ್ಚುತ್ತಲೇ ಇದ್ದಳು. ಕೊನೆಗೆ ತಂಗೆವ್ವ ಅವಳ ಕೈಯಿಂದ ಹಣಿಗೆ ತೆಗೆದುಕೊಂಡಳು. ಊರಿನವರು ಬೀದಿಯ ಎರಡೂ ಬದಿ ನಿಂತಿದ್ದರು. ಒಬ್ಬೊಬ್ಬರೇ ಬಂದು ಜೀಪಿನೊಳಗೆ ಇಣುಕಿ ಅವಳ ಮುಖ ನೋಡಿ ಹೋದರು. ಸತ್ತವರ ಮನೆಯಲ್ಲಿ ಹೀಗೆಯೇ ಮಾಡುತ್ತಾರೆ. "ಬಾಯಾಗ ಅಕ್ಕಿಕಾಳ ಒಂದ ಹಾಕಿಬಿಡ್ರಿ, ಮುಗೀತು" ಎಂದಳು ಶಾವಂತ್ರೆವ್ವ.

ಕಲ್ಲು ಬರುವಾಗ ನಾನು ನೆಟ್ಟಗೆ ಕೂತಿದ್ದೆ. ನನ್ನ ಅಂಗೈ ಅವಳ ಕೆನ್ನೆಯ ಮೇಲಿತ್ತು. ಅವಳಿಗೆ ಮುಟ್ಟಿದ್ದು ತಿಳಿಯುವ ಜಾಗ ಮುಖ ಒಂದೇ ಉಳಿದಿತ್ತು. ನಾನು ಕಣ್ಣು ಮಿಟುಕಿಸಬಾರದೆಂದು ಹಟ ಹಿಡಿದು ಅವಳನ್ನೇ ನೋಡುತ್ತಿದ್ದೆ. ಮೂಗಿನ ಪಕ್ಕದ ಸಿಡುಬಿನ ಕಲೆ, ತುಟಿಯ ಮೇಲಿನ ಬೆವರು. "ಯಾಕಂಗ ದೆವ್ವ ನೋಡಿದಂಗ ನೋಡ್ತಿ?" ಎಂದಳು. ಅದೇ ನಾನು ಕೇಳಿದ ಅವಳ ಕೊನೆಯ ಮಾತು. ಆಮೇಲೆ ಹಲಗೆ ಕಂಡಿತು, ಹಲಗೆಯ ಮೇಲೆ ಹಾಸಿದ ರಗ್ಗು ಚಪ್ಪಟೆಯಾಗಿ ಬಿದ್ದದ್ದು ಕಂಡಿತು. ಅಂಗೈಯ ಕೆಳಗೆ ಮಾತ್ರ ಕೆನ್ನೆ ಬಿಸಿಯಾಗಿ ಹಾಗೇ ಇತ್ತು. ನನ್ನ ಕೈ ಬೆಚ್ಚಿ ಹಿಂದಕ್ಕೆ ಬರಲು ನೋಡಿತು. ಇನ್ನೊಂದು ಕೈಯಿಂದ ಅದನ್ನು ಅಲ್ಲೇ ಒತ್ತಿ ಹಿಡಿದೆ. ಡ್ರೈವರ್ ಹೊರ ಊರಿನವನು, ಕನ್ನಡಿಯಲ್ಲಿ ಹಿಂದೆ ನೋಡಿ, "ಅಕ್ಕಾರು ಅಳಾಕ ಹತ್ಯಾರ್ರಿ" ಎಂದ. ಅಷ್ಟರಲ್ಲಿ ಕೆನ್ನೆ ನನ್ನ ಅಂಗೈಯನ್ನು ನೂಕಿತು. ನಿಂತು, ಮತ್ತೊಮ್ಮೆ ನೂಕಿತು. ಎರಡು ಸಲ. ಎಳಿ ಎಂದು ಅರ್ಥ. "ನಡಿಯಪಾ, ನಿಲ್ಲಿಸಬ್ಯಾಡ" ಎಂದು ಡ್ರೈವರನಿಗೆ ಹೇಳಿದೆ.

ಹೊಳೆಯಾಚೆಯ ಆ ಕಟ್ಟಡದಲ್ಲಿ ಒಂದು ಮಳೆಗಾಲ ಕಳೆದು ಇನ್ನೊಂದು ಬರುವವರೆಗೆ ಇದ್ದೆವು; ಕಸ್ತೂರಿ ಊರಲ್ಲಿ ತಂಗೆವ್ವನ ಹತ್ತಿರ ಉಳಿದಳು. ಬೇರೆಯವರು ಕಣ್ಣಿನಿಂದ ಕಲಿಯುವುದನ್ನು ನಾನು ಕೈಯಿಂದ ಕಲಿಯಬೇಕಾಯಿತು. ಹುಣ್ಣು ಶುರುವಾಗುವ ಮೊದಲು ಚರ್ಮ ಕೆಂಪಾಗುತ್ತದೆ. ನನಗೆ ಕೆಂಪು ಕಾಣುವುದಿಲ್ಲ. ಫ್ಲೋಸಿ ನನ್ನ ಕೈ ಹಿಡಿದು ತಿರುವಿ, "ಅಂಗೈ ಅಲ್ಲ, ಕೈಯ ಹಿಂಬದಿ ಇಡಿ. ಎಲ್ಲಿ ಹೆಚ್ಚು ಬಿಸಿ ಇದೆಯೋ ಅಲ್ಲಿ ಕೆಂಪು" ಎಂದಳು. ಹಗಲೂ ರಾತ್ರಿ ಗಂಟೆಗಂಟೆಗೆ ಅವಳನ್ನು ಮಗ್ಗುಲು ಬದಲಿಸಿದೆ. ಕಾಣದ ತೋಳು ಅವಳ ಮೈಕೆಳಗೆ ಸಿಕ್ಕಿಕೊಂಡಿದ್ದರೆ ಫ್ಲೋಸಿ ದೂರದಿಂದಲೇ ಕೂಗುತ್ತಿದ್ದಳು. ಹೆಂಡತಿಯ ಮಾತೆಲ್ಲ ನನಗೆ ಫ್ಲೋಸಿಯ ಬಾಯಿಂದ ಬರುತ್ತಿತ್ತು. "ನಿಮಗೆ ಕೈಯೋ ಒನಕೆಯೋ ಎಂದು ಕೇಳ್ತಿದ್ದಾರೆ." "ಮಗಳಿಗೆ ಫೋನ್ ಮಾಡಬೇಕಂತೆ, ತಲೆಗೆ ಎಣ್ಣೆ ಹಾಕಿಕೊಂಡಳಾ ಕೇಳಬೇಕಂತೆ." ಬೈಗುಳ ಅದೇ, ಆದರೆ ಎಷ್ಟು ಸಭ್ಯವಾಗಿ ಬರುತ್ತಿತ್ತೆಂದರೆ ನನಗೆ ಅಳು ಬರುತ್ತಿತ್ತು.

ಒಂದು ದಿನ ಫ್ಲೋಸಿಯನ್ನು ಕೇಳಿದೆ: ಬಿದ್ದಾಗಲೇ ಇಷ್ಟೂ ಆಗಿತ್ತೋ, ಕುರ್ಚಿಯಲ್ಲಿ ಕೂರಿಸಿದಾಗ ಆಯಿತೋ? ಅವಳು ಮೇಲಿನ ಹೆಂಚಿನ ಕಡೆ ನೋಡಿದಳು. "ಎಷ್ಟು ಯಾವಾಗ ಆಯಿತೆಂದು ಈಗ ಯಾರೂ ಹೇಳಲಿಕ್ಕಾಗುವುದಿಲ್ಲ. ಕೂರಿಸದೇ ಇದ್ದಿದ್ದರೆ ಬಹುಶಃ ಕೈಗಳು ಉಳಿಯುತ್ತಿದ್ದವು." ಆಮೇಲೆ ಖಾಲಿ ಮಂಚದ ಕಡೆ ಕಿವಿಗೊಟ್ಟು ಹೇಳಿದಳು: "ಇದನ್ನು ದ್ಯಾಮಣ್ಣನಿಗೆ ಹೇಳಬಾರದಂತೆ."

ಅವಳಿಗೆ ಬಲಗೈ ಮೊಣಕೈಯಲ್ಲಿ ಸ್ವಲ್ಪ ಮಡಚಲು ಬಂತು, ಅದಕ್ಕೂ ಒಂದು ಚಮಚ ಕಟ್ಟಿದರು. ಅವಳ ಮೈಮೇಲೆ ಉಟ್ಟದ್ದು, ಕಟ್ಟಿದ್ದು ಯಾವುದೂ ನನ್ನ ಕಣ್ಣಿಗಿಲ್ಲ, ಅವಳ ಕೆಳಗಿನ ಮಂಚ ಕುರ್ಚಿ ಮಾತ್ರ ಕಾಣುತ್ತವೆ. ನನಗೆ ಕಾಣುತ್ತಿದ್ದದ್ದು ಗಾಳಿಯಿಂದ ನೆಲಕ್ಕೆ ಉದುರುವ ಅವಲಕ್ಕಿ. ನಾನು ದಿನಾ ಅದನ್ನು ಗುಡಿಸುತ್ತಿದ್ದೆ. ಮೊದಲು ತಟ್ಟೆಗಟ್ಟಲೆ ಉದುರಿತು, ಆಮೇಲೆ ಹಿಡಿಯಷ್ಟು, ಆಮೇಲೆ ಚಿಟಿಕೆಯಷ್ಟು. ಅವಳು ಗುಣವಾಗುವುದನ್ನು ನಾನು ನೋಡಿದ್ದು ಅಷ್ಟೇ. ಕೊನೆಗೊಂದು ದಿನ ಅವಳು ಗಾಲಿಕುರ್ಚಿಯಲ್ಲಿ ಬೆನ್ನಿಗೆ ಪಟ್ಟಿ ಬಿಗಿದುಕೊಂಡು ಮೂರ್ಛೆ ಹೋಗದೆ ಮಧ್ಯಾಹ್ನದವರೆಗೂ ಕೂತಳು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ಖಾಲಿ ಕುರ್ಚಿಗೆ ಚಪ್ಪಾಳೆ ತಟ್ಟಿದೆ.

ನಾವು ಊರಿಗೆ ತಿರುಗಿ ಬಂದಾಗ ಅವಳು ನೆಟ್ಟಗೆ ಕೂತೇ ಕಲ್ಲು ದಾಟಿದಳು. ಕೂತು ಬಂದರೆ ಮತ್ತೆ ಕಾಣಿಸಿಯಾಳು ಎಂದು ನಾನು ಯಾರಿಗೂ ಹೇಳದೆ ಆಸೆ ಇಟ್ಟುಕೊಂಡಿದ್ದೆ. ಕಲ್ಲು ಹಿಂದಾಯಿತು, ಕುರ್ಚಿ ಖಾಲಿಯಾಗಿಯೇ ಇತ್ತು. ಅವಳ ಕೆನ್ನೆ ಮುಟ್ಟಿದೆ. ಒಂದು ಸಲ ನೂಕಿದಳು: ಬಿಡು. ಅವಳೂ ಅದೇ ಆಸೆ ಇಟ್ಟುಕೊಂಡಿದ್ದಳು ಎಂದು ಆಗ ತಿಳಿಯಿತು.

ಬಸ್ ಸ್ಟ್ಯಾಂಡಿನಲ್ಲಿ ದ್ಯಾಮಣ್ಣ ಓಡಿ ಬಂದು ನನ್ನನ್ನು ಅಪ್ಪಿಕೊಂಡು, ಹೆಗಲ ಮೇಲಿನ ಟವೆಲು ತೆಗೆದು ಖಾಲಿ ಇದೆಯೆಂದು ಕುರ್ಚಿಗೆ ಎಸೆದ. ಅವಳ ತೊಡೆಗೆ ಬಿದ್ದ ಟವೆಲು ಕೂಡಲೇ ಮಾಯವಾಯಿತು. ಅವನು ಚಪ್ಪಲಿ ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದು ನಿಂತ. ಎಲ್ಲಿ ನೋಡಬೇಕೆಂದು ತಿಳಿಯದೆ ಕುರ್ಚಿಯ ಗಾಲಿಯನ್ನು ನೋಡುತ್ತ, "ಆರಾಮ ಅದೀಯೇನವಾ ಶಾವಂತ್ರೆವ್ವಾ? ಆವತ್ತ ನಾವು ಗಟ್ಟಿ ಹಿಡದಿದ್ವಿ ನೋಡವಾ, ಬೀಳಗೊಡಲಿಲ್ಲ" ಎಂದ. "ಹೌದು ದ್ಯಾಮಣ್ಣ, ನೀವಿದ್ರಿ ಅಂತ" ಎಂದೆ.

ಕಸ್ತೂರಿ ಮನೆಯ ಬಾಗಿಲಲ್ಲಿ ನಿಂತಿದ್ದಳು. ಎತ್ತರವಾಗಿದ್ದಳು. ತಲೆಗೆ ಎಣ್ಣೆ ಹಚ್ಚಿ, ಬೈತಲೆ ತೆಗೆದು, ಬಿಗಿಯಾಗಿ ಹೆರಳು ಹಾಕಿಕೊಂಡಿದ್ದಳು. ಅವಳು ಕುರ್ಚಿ ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಕುರ್ಚಿ ನೋಡಿದಳು. ಹತ್ತಿರ ಬರಲಿಲ್ಲ. ನಾನು ಹೋಗಿ ಅವಳ ಕೈ ಹಿಡಿದು ತಂದೆ. ಬೆರಳು ತಣ್ಣಗಿದ್ದವು. "ಬೆಚ್ಚಬ್ಯಾಡ" ಎಂದು ಕಿವಿಯಲ್ಲಿ ಹೇಳಿ ಅವಳ ಅಂಗೈಯನ್ನು ಗಾಳಿಯಲ್ಲಿ ಇಟ್ಟೆ.

ಅವಳು ಬೆಚ್ಚಿದಳು. ಕೈ ಹಿಂದೆ ತೆಗೆದು ಎದೆಗೆ ಒತ್ತಿಕೊಂಡಳು. ಓಣಿಯ ಜನ ತಲೆ ತಗ್ಗಿಸಿದರು. ಆಮೇಲೆ ಅವಳೇ ಮುಂದೆ ಬಂದು, ಕಣ್ಣು ಮುಚ್ಚಿಕೊಂಡು, ಕೈ ಚಾಚಿದಳು. ಹಣೆ ಸಿಕ್ಕಿತು. ಮೂಗಿನ ಪಕ್ಕದ ಕಲೆ ಸಿಕ್ಕಿತು. ಬೆರಳು ತುಟಿಯ ಮೇಲೆ ಬಂದು ನಿಂತಿತು. ಅಲ್ಲಿ ತುಟಿಗಳು ಅಲುಗುತ್ತಿದ್ದಿರಬೇಕು, ಬಹಳ ಜೋರಾಗಿ, ಬಹಳ ಹೊತ್ತಿನಿಂದ ಅಲುಗುತ್ತಿದ್ದಿರಬೇಕು. ಅವುಗಳ ಜೊತೆ ಕಸ್ತೂರಿಯ ಬೆರಳೂ ಏಳುತ್ತ ಇಳಿಯುತ್ತ ಇತ್ತು. ಅವಳು ಇನ್ನೊಂದು ಕೈಯನ್ನೂ ತಂದು ಆ ಬಾಯಿಯ ಮೇಲಿಟ್ಟಳು.

"ಸಾವಕಾಶ ಹೇಳವ್ವಾ" ಎಂದಳು. "ನನಗಿನ್ನಾ ತಿಳೀವಲ್ದು."